ಬಿಟರ್‌ನಲ್ಲಿ ಬೆಣ್ಣೆ ವಾಸನೆ

ಕೌಲ್ ಬಜಾರ್, ಬಳ್ಳಾರಿ
೧೪ ಮೇ ೨೦೨೫, ಬುಧವಾರ

ಪ್ರೀತಿಯ ಚನ್ನಬಸವರಾಜ ಅವರಿಗೆ,

ಪ್ರೀತಿಯ ಎಂದೇ ಶುರು ಮಾಡಿದ್ದೇನೆ. ಆ ಮಾತನ್ನು ನಾನಿನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ. ನೀವು ಕ್ಷೇಮವೇ? ಸಿರುಗುಪ್ಪದಲ್ಲೂ ಇಲ್ಲಿಯಷ್ಟೇ ಬಿಸಿಲಿರಬೇಕು, ಮಧ್ಯಾಹ್ನ ಗದ್ದೆ ಕಡೆ ತಿರುಗಬೇಡಿ. ಅತ್ತೆಯವರ ಮೊಣಕಾಲು ನೋವು ಹೇಗಿದೆ? ಕಪಾಟಿನಲ್ಲಿದ್ದ ಎಣ್ಣೆ ನೀವು ಒಯ್ಯಲಿಲ್ಲ. ಸಿಟ್ಟಿನಲ್ಲಿ ಬಸ್ಸು ಹತ್ತುವವರಿಗೆ ತಾಯಿಯ ಎಣ್ಣೆ ಎಲ್ಲಿ ನೆನಪಾಗಬೇಕು? ಫೋನ್ ಆಫ್ ಮಾಡಿಕೊಂಡು ಕೂತಿದ್ದೀರಿ. ಅಂಚೆಯವನನ್ನು ಆಫ್ ಮಾಡಲು ಆಗುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಕುರುಗೋಡಿನಿಂದ ಅವ್ವ ಫೋನ್ ಮಾಡಿ, "ಅಳಿಯಂದ್ರು ಒಬ್ಬರೇ ಊರಿಗೆ ಹೋಗ್ಯಾರಂತ, ನೀನ್ಯಾಕ ಹೋಗಿಲ್ಲ?" ಎಂದಳು. ಕೆಲಸ ಇದೆ ಎಂದೆ. ಬೆಣ್ಣೆ ವಾಸನೆಗೆ ಜಗಳ ಎಂದಿದ್ದರೆ ಅಡುಗೆಮನೆಯ ಜಗಳ ಎಂದುಕೊಳ್ಳುತ್ತಿದ್ದಳು.

ಇಷ್ಟು ದಿನ ಒಳಗೇ ಕುದಿಯುತ್ತಿದ್ದುದನ್ನು ಈಗ ಹೇಳುತ್ತೇನೆ, ಪೂರ್ತಿ ಓದಿ. ನಮ್ಮ ಬ್ರೂಪಬ್ಬಿನಲ್ಲಿ ಬಿಯರ್ ಮಾಡುವುದು ನಿಮ್ಮ ಕೆಲಸ, ರುಚಿ ನೋಡಿ ಅಂಕ ಕೊಡುವುದು ನನ್ನ ಕೆಲಸ. ಮನೆಯಲ್ಲಿ ನಾವು ಗಂಡ ಹೆಂಡತಿ, ಅಲ್ಲಿ ಅಲ್ಲ. ಇದನ್ನು ಮದುವೆಗೆ ಮೊದಲೇ ಹೇಳಿದ್ದವರು ನೀವೇ. ಬಿಟರ್ ಏಲ್ ಎಂಬ ಇಂಗ್ಲೆಂಡಿನ ಕಹಿ ಬಿಯರನ್ನು ಬಳ್ಳಾರಿಯವರಿಗೆ ಕುಡಿಸುತ್ತೇನೆಂದು ವರ್ಷದಿಂದ ಕನಸು ಕಂಡವರೂ ನೀವೇ. ಕಳೆದ ಗುರುವಾರ ಮಾಲೀಕ ತಿಪ್ಪೇರುದ್ರಪ್ಪನವರು, ಬಾರ್ ನೋಡಿಕೊಳ್ಳುವ ಕೊಟ್ರಬಸಪ್ಪ, ನೀವು, ನಾನು ಅದರ ರುಚಿ ನೋಡಲು ಒಂದೇ ಮೇಜಿಗೆ ಕೂತೆವು. ಗ್ಲಾಸು ಮೂಗಿನ ಹತ್ತಿರ ತಂದದ್ದೇ ತಡ, ಬೆಣ್ಣೆ ಕಾಸುವ ವಾಸನೆ ಬಡಿಯಿತು. ಬಣ್ಣ ಸರಿ, ನೊರೆ ಸರಿ, ಆದರೆ ಗುಟುಕು ನುಂಗಿದ ಮೇಲೆ ಕಹಿ ನಿಲ್ಲಬೇಕಾದ ಜಾಗದಲ್ಲಿ ಜಿಡ್ಡು ನಿಂತಿತ್ತು. ಐವತ್ತಕ್ಕೆ ಇಪ್ಪತ್ತೆರಡು ಕೊಟ್ಟೆ. ಹೆಚ್ಚೇ ಕೊಟ್ಟೆ.

ಅದಕ್ಕೆ ನೀವು ಏನಂದಿರಿ? "ಇಂಗ್ಲಿಷ್ ಬಿಟರ್‌ನ್ಯಾಗ ಒಂಚೂರು ಬೆಣ್ಣಿ ವಾಸನಿ ಇರತೈತ್ರಿ." ಇರಲಿ, ಎಳೆಯಷ್ಟಿದ್ದರೆ ನಾನೂ ಒಪ್ಪುತ್ತೇನೆ. ಅಲ್ಲಿಗೆ ನಿಲ್ಲಿಸಿದಿರಾ? "ಮನ್ಯಾಗ ತುಪ್ಪ ಕಾಸಿ ಕಾಸಿ ಆಕಿ ಮೂಗಿನ್ಯಾಗ ಬೆಣ್ಣಿ ಕುಂತೈತಿ, ಬಿಡ್ರಿ." ಕೊಟ್ರಬಸಪ್ಪ ಹೊಟ್ಟೆ ಹಿಡಿದು ನಕ್ಕ. ಮಾಲೀಕರೂ ನಕ್ಕರು. ಅವರ ಜೊತೆ ನೀವೂ ನಕ್ಕಿರಿ ನೋಡಿ, ಅದು ನನ್ನ ಮೈಯೆಲ್ಲ ಉರಿಸಿತು. ಆರು ವರ್ಷ ಓದಿ, ಪುಣೆಯಲ್ಲಿ ತರಬೇತಿ ಪಡೆದು ಬಂದ ಮೂಗು ಇದು. ಮದುವೆಯಾದ ಮಾತ್ರಕ್ಕೆ ಅದು ಒಲೆಯ ಮುಂದಿನ ಮೂಗಾಯಿತೇ? ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಗ್ಲಾಸು ಮೂಸಿದಾಗ ನಿಮ್ಮ ಹುಬ್ಬು ಗಂಟಾಗಿದ್ದನ್ನು ನಾನು ನೋಡಿದೆ. ನಿಮಗೂ ಗೊತ್ತಾಗಿತ್ತು. ಯೀಸ್ಟ್ ತನ್ನ ಕೆಲಸ ಮುಗಿಸುವ ಮೊದಲೇ ಟ್ಯಾಂಕ್ ತಣ್ಣಗೆ ಮಾಡಿದರೆ ಆ ವಾಸನೆ ಹಾಗೇ ಉಳಿಯುತ್ತದೆಂದು ನನಗೆ ಹೇಳಿಕೊಟ್ಟವರೇ ನೀವು. ಶನಿವಾರಕ್ಕೆ ಬೇಕು ಎಂದು ಮಾಲೀಕರು ಅವಸರ ಮಾಡಿದರು, ನೀವು ಹೂಂ ಎಂದು ತಲೆಯಾಡಿಸಿದಿರಿ. ಅವರಿಗೆ ಎದುರಾಡಲಾಗದೆ ನನ್ನ ಮೂಗನ್ನು ಅಡ್ಡ ಹಿಡಿದಿರಿ. ನಾನು ಅಂಕ ತಿದ್ದಲಿಲ್ಲವೆಂದು ಅದೇ ಸಂಜೆ ಚೀಲ ಹಿಡಿದು ಊರಿಗೆ ಹೊರಟಿರಿ. ಅವಮಾನವಾದದ್ದು ನನಗೆ, ಓಡಿಹೋಗಬೇಕಿದ್ದವಳು ನಾನು.

ಮುಂದೇನಾಯಿತು ಕೇಳಿ. "ಆ ಮಾರ್ಕ್ಸ್ ಒಂಚೂರು ತಿದ್ದವ್ವಾ" ಎಂದು ಮಾಲೀಕರು ಮತ್ತೆ ಬಂದರು. ಆಗುವುದಿಲ್ಲ ಎಂದೆ. ಆದರೂ ಶನಿವಾರ ಅದನ್ನೇ ಸುರಿದರು. ಮೊದಲ ಗುಟುಕಿಗೆ ಯಾರಿಗೂ ತಿಳಿಯಲಿಲ್ಲ. ಗ್ಲಾಸು ಬಿಸಿಯೇರುತ್ತಿದ್ದಂತೆ ವಾಸನೆ ಎದ್ದಿತು. ಬ್ರೂಸ್‌ಪೇಟೆಯ ವ್ಯಾಪಾರಿಗಳ ಮೇಜಿನಿಂದ ಒಬ್ಬರು, "ಇದೇನ್ರಿ, ಬೀರ್ ಕೇಳಿದ್ರ ದ್ವಾಸಿ ಮ್ಯಾಲಿನ ಬೆಣ್ಣಿ ಕುಡಸಾಕ ಹತ್ತೀರಿ!" ಎಂದು ಗ್ಲಾಸು ತಳ್ಳಿದರು. ಒಂದೊಂದೇ ಮೇಜಿನಿಂದ ಗ್ಲಾಸುಗಳು ವಾಪಸು ಬಂದವು. ಮಾಲೀಕರು ಎಲ್ಲರ ಮುಂದೆ, "ಮಾಡಿದಾತ ಓಡಿ ಹೋಗ್ಯಾನ್ರಿ, ಎಲ್ಲಾ ಅವನ ತಪ್ಪು" ಎಂದುಬಿಟ್ಟರು. ನನಗೆ ಸುಮ್ಮನಿರಲಾಗಲಿಲ್ಲ. "ಅವರೊಬ್ಬರ ತಪ್ಪಲ್ರಿ. ಲಗೂನ ತಣ್ಣಗ ಮಾಡು ಅಂದಾವ್ರು ನೀವು. ಹೂಂ ಅಂದಾವ್ರು ಅವರು. ಬ್ಯಾಡ ಅಂದಾಕಿ ನಾನೊಬ್ಬಾಕೀನ" ಎಂದೆ. ನಿಮ್ಮ ಪರವಾಗಿ ಮಾತಾಡಿದೆನೆಂದು ಹಿಗ್ಗಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅಷ್ಟೇ.

ಅದೇ ಬಿಟರ್ ತುಂಬಿ ನೀವು ಬಿಟ್ಟುಹೋದ ಎರಡನೆಯ ಟ್ಯಾಂಕನ್ನು ತಣ್ಣಗೆ ಮಾಡಲು ನಾನು ಯಾರಿಗೂ ಬಿಡಲಿಲ್ಲ. ಯೀಸ್ಟ್ ತನ್ನ ಪಾಡಿಗೆ ಕೆಲಸ ಮುಗಿಸಿತು. ಇವತ್ತು ಬೆಳಿಗ್ಗೆ ರುಚಿ ನೋಡಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಬಣ್ಣ. ಮೊದಲು ಬಿಸ್ಕತ್ತಿನ ಪರಿಮಳ, ಅದರ ಬೆನ್ನಿಗೇ ಕಿತ್ತಳೆ ಸಿಪ್ಪೆ, ಒಣಹುಲ್ಲು. ಐಸ್ ಹಾಕದೆ, ಹೂಜಿಯ ನೀರಿನಷ್ಟೇ ತಂಪಾಗಿ ಕುಡಿದೆ. ನಾಲಿಗೆಯ ಹಿಂದೆ ಕಹಿ ನಿಧಾನವಾಗಿ ಬಂದು ಕೂತು, ಏಳಲು ಒಲ್ಲೆನೆಂದಿತು. ನಲವತ್ತೊಂದು ಕೊಟ್ಟೆ. ನಿಮ್ಮ ಬಿಟರ್ ಚೆನ್ನಾಗಿದೆ ರೀ. ನನ್ನ ಸಿಟ್ಟು ಹೆಚ್ಚಾಗಿದ್ದೂ ಅದಕ್ಕೇ. ಇಂಥದ್ದನ್ನು ಮಾಡಬಲ್ಲ ಮನುಷ್ಯ ಅಂಥದ್ದನ್ನು ಮುಂದಿಟ್ಟು, ಚಲೋ ಐತಿ ಎಂದು ಹೇಗೆ ನಗುತ್ತಾನೆ?

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಎಣ್ಣೆಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೇನೆ, ಸ್ಟ್ಯಾಂಡಿಗೆ ಹೋಗಿ ಇಸಿದುಕೊಳ್ಳಿ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಇನ್ನೂ ಸಿಟ್ಟಿನಲ್ಲಿರುವ,
ನಿಮ್ಮ ಅಕ್ಷತಾ

ಮರೆತಿದ್ದೆ: ಎರಡನೆಯ ಟ್ಯಾಂಕಿನ ರುಚಿ ನೋಡಿದ ಮಾಲೀಕರು ನಿಮ್ಮ ಕೆಲಸವನ್ನು ಇವತ್ತು ಮಧ್ಯಾಹ್ನ ನನಗೆ ಕೊಟ್ಟರು, ನಾನು ಒಪ್ಪಿಕೊಂಡೆ. ಸೋಮವಾರದ ಬಿಯರ್ ನಾನೇ ಮಾಡುತ್ತೇನೆ. ರುಚಿ ನೋಡುವ ಕುರ್ಚಿ ಖಾಲಿ ಇದೆ. ಕೆಟ್ಟದ್ದನ್ನು ಕೆಟ್ಟಿದೆ ಎಂದು ನನ್ನ ಮುಖಕ್ಕೇ, ಮಾಲೀಕರ ಮುಂದೆಯೇ ಹೇಳುವ ಧೈರ್ಯ ಇದ್ದರೆ ಭಾನುವಾರದ ಬಸ್ಸಿಗೆ ಬನ್ನಿ. ಇಲ್ಲದಿದ್ದರೆ ಕುರ್ಚಿಗೆ ಬೇರೆಯವರನ್ನು ಹುಡುಕುತ್ತೇನೆ.