ಎರಡನೇ ಟ್ಯಾಂಕಿನ ವಾಸನೆ

ಏಪ್ರಿಲ್ 9, ಬೆಳಿಗ್ಗೆ 7
ವೈನರಿಯ ಎರಡನೇ ಟ್ಯಾಂಕ್ — 14 ಡಿಗ್ರಿ. ಬಣ್ಣ, ಒಣಹುಲ್ಲಿನ ತಿಳಿ ಹಳದಿ. ವಾಸನೆ… ಖಾಲಿ ಬಿಟ್ಟೆ.

ಹನ್ನೆರಡು ದಿನವಾಯಿತು. ಏಣಿಯಿಂದ ಜಾರಿ ತಲೆಯ ಹಿಂಭಾಗ ಬಡಿಯಿತು. ಊತ ಇಳಿಯಿತು. ಮೂಗು ಮಾತ್ರ ಸತ್ತುಹೋಗಿದೆ. ಯಾರಿಗೂ ಹೇಳಿಲ್ಲ.

ಯಜಮಾನರು ಗ್ಲಾಸು ಹಿಡಿದು ಕಾದರು. ನನ್ನ ಗಂಡ ಸಿದ್ದಲಿಂಗೇಶರಿಗೆ ದ್ರಾಕ್ಷಿ ಬೆಳೆಯಲು ಬರುತ್ತದೆ, ವೈನ್ ಮೂಸಲು ಬರುವುದಿಲ್ಲ. ಹುಟ್ಟು ನೆಗಡಿ.
"ಹ್ಯಾಂಗೈತಿ?"
"ಛಲೋ ಐತ್ರಿ."
ಸುಳ್ಳು. ನಮ್ಮ ಬಿಳಿ ವೈನ್ ಇರುವುದು ಇದೊಂದೇ ಟ್ಯಾಂಕಿನಲ್ಲಿ. ಅದು ಸರಿಯೋ ತಪ್ಪೋ ಹೇಳುವ ಮೂಗು ನನ್ನದೊಂದೇ.

ಏಪ್ರಿಲ್ 11
ಕರ್ಪೂರ. ಇಂಗು. ಡೀಸೆಲ್. ಒಂದೊಂದನ್ನೂ ಮೂಸಿದೆ. ಏನೂ ಇಲ್ಲ.
ಫೋನಿನಲ್ಲಿ ಹುಡುಕಿದೆ. ನರ ಹರಿದಿದ್ದರೆ ಮತ್ತೆ… ಓದದೆ ಮುಚ್ಚಿದೆ.
ಕುಷ್ಟಗಿಯಿಂದ ಬಾಟಲಿಗಳು ಬಂದಿಳಿದವು. 18ಕ್ಕೆ ಬಾಟ್ಲಿಂಗ್.

ಏಪ್ರಿಲ್ 16, ಮಧ್ಯಾಹ್ನ


ಹಾಲು ಉಕ್ಕಿ ಒಲೆ ಆರಿತ್ತು. ನಾನು ಅತ್ತ ಬೆನ್ನು ಮಾಡಿ ಹಿಟ್ಟು ನಾದುತ್ತಿದ್ದೆ. ಮಗಳು ನೆಲದ ಮೇಲೆ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಹಂಚು ಇಡೋಣವೆಂದು ಲೈಟರ್ ಎತ್ತಿದೆ. ಅತ್ತೆ ಬಾಗಿಲಲ್ಲಿ ಚೀರಿದರು — "ಹಚ್ಚಬ್ಯಾಡ!"

ಮಗಳನ್ನು ಹೊರಗೆಳೆದರು. ಸಿಲಿಂಡರ್ ಬಂದ್ ಮಾಡಿದರು. ಕಿಟಕಿ ತೆರೆದರು. ನಾನು ಲೈಟರ್ ಹಿಡಿದು ನಿಂತೇ ಇದ್ದೆ.
"ಇಡೀ ಮನಿ ಗ್ಯಾಸ್ ನಾರತೈತಿ! ನಿನಗ ವಾಸ್ನಿ ಬರವಲ್ದೇನ?"
ಸುಳ್ಳು ಹೊಳೆಯಲಿಲ್ಲ. ಎಲ್ಲ ಹೇಳಿದೆ.
"ಸಿದ್ದೂಗ ಗೊತ್ತೈತೇನು?"
"ಇಲ್ರಿ."
ಅತ್ತೆ ನನ್ನ ಕೈಯಿಂದ ಲೈಟರ್ ತೆಗೆದುಕೊಂಡರು.

ಏಪ್ರಿಲ್ 17
ಅತ್ತೆ ವೈನರಿಗೆ ಬಂದರು! ಕೊರಳಲ್ಲಿ ಲಿಂಗವಿದೆ ಎಂದು ಆರು ವರ್ಷ ವೈನರಿಯತ್ತ ತಲೆಹಾಕದ ಬಸವಣ್ಣೆಮ್ಮ. ಹೊರಗಿನ ಕಲ್ಲಿನ ಮೇಲೆ ಕುಳಿತರು.
"ಒಳಗ ಕರೀಬ್ಯಾಡ. ಲೋಟದಾಗ ತಾ."
ತಂದೆ. ಮೂಸಿ ಮುಖ ಹಿಂದಕ್ಕೆ ಎಳೆದುಕೊಂಡರು.
"ಥೂ! ಹೂಳ ತಗದ ಬಾವಿ ಇದ್ದಂಗ ಐತಿ."

ಗಂಧಕದ ದೋಷ, ವೈನ್ ಹುದುಗುವಾಗ ಹುಟ್ಟುವ ಕೊಳೆನಾತ. ಎಷ್ಟು ದಿನದಿಂದ ಇತ್ತೋ. ದಿನಾ ಛಲೋ ಐತ್ರಿ ಎಂದಿದ್ದೆ.

ತಾಮ್ರದ ಲೋಟಕ್ಕೆ ಸುರಿದು, ಅಲ್ಲಾಡಿಸಿ ಮತ್ತೆ ಕೊಟ್ಟೆ. ತಾಮ್ರ ಆ ವಾಸನೆಯನ್ನು ಹೀರುತ್ತದೆ.
"ಈಗ ಇಲ್ಲ ನೋಡು."
ಹಾಗಾದರೆ ಸರಿ ಮಾಡಬಹುದು. ಆದರೆ ನಾಳಿನ ಬಾಟ್ಲಿಂಗ್ ನಿಲ್ಲಿಸಬೇಕು. ಯಾಕೆಂದು ಯಜಮಾನರಿಗೆ ಹೇಳಬೇಕು.

ಅದೇ ದಿನ, ಸಂಜೆ 6
ಹೇಳಿದೆ.
"ಇಪ್ಪತ್ತ ದಿನ ಸುಳ್ಳ ಹೇಳಿದಿ?"
"ಅಂಜಿದ್ನಿರಿ."
"ವೈನ್ ಕೆಟ್ಟೀತಂತೇನ?"
"ಇಲ್ರಿ… ಇನ್ನ ಈಕಿ ಯಾತಕ್ಕ ಬೇಕು ಅಂತ ನಿಮಗ ಅನಸೀತಂತ."
ಎದ್ದು ಬಳ್ಳಿಗಳ ನಡುವೆ ಹೋಗಿ ನಿಂತರು. ಹಿಂತಿರುಗಿ ಎರಡು ಫೋನ್ ಮಾಡಿದರು. ಮೊದಲನೆಯದು ಕೊಪ್ಪಳದ ಡಾಕ್ಟರಿಗೆ. ಆಮೇಲೆ ಬಾಟ್ಲಿಂಗ್‌ನವರಿಗೆ.

ಮೇ 3
ಮೊನ್ನೆ ಕೊಪ್ಪಳದಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರ್ ಎಂದರು, "ಆರು ತಿಂಗಳು ನೋಡೂನ್ರಿ. ಬರಬಹುದು, ಬರದೇನೂ ಇರಬಹುದು." ಮರಳುವ ದಾರಿಯುದ್ದಕ್ಕೂ ಯಜಮಾನರು ನನ್ನ ಕೈ ಬಿಡಲಿಲ್ಲ. ಇಬ್ಬರ ಅಂಗೈಯೂ ಬೆವೆತಿತ್ತು.

ಇಂದು ಬಾಟ್ಲಿಂಗ್. ತಾಮ್ರದ ಉಪಚಾರದ ಮೇಲೆ ಎರಡು ವಾರದಲ್ಲಿ ಟ್ಯಾಂಕಿನ ನಾತ ಹೋಗಿದೆಯಂತೆ. ಅತ್ತೆ ಹೇಳಿದ್ದು. ಮೊದಲ ಬಾಟಲಿಯಿಂದ ಅವರಿಗೊಂದು ಗ್ಲಾಸು. ಅದೇ ಕಲ್ಲು.
"ಮಲ್ಲೇಶ್ವರಿ, ನಾ ಹೇಳ್ತೀನಿ, ನೀ ಬರಕೋ. ಎಳಿ ಸೌತಿಕಾಯಿ. ಮಾವಿನ ಹೂವು. ಆಮ್ಯಾಗ, ಗ್ವಾಡಿಗೆ ಹಸಿ ಸುಣ್ಣಾ ಬಳದಂಗ."
ಇಲ್ಲೇ ಕುಳಿತು ಬರೆಯುತ್ತಿದ್ದೇನೆ. ಸುಣ್ಣ. ಅದರ ವಾಸನೆ ಹೇಗಿರುತ್ತದೆ? ಕಣ್ಣು ಮುಚ್ಚಿ ಹುಡುಕಿದೆ. ಬಿಳಿ ಗೋಡೆ ಕಾಣುತ್ತದೆ. ವಾಸನೆ ಮರೆತೇಹೋಗುತ್ತಿದೆ…
"ಅಳಬ್ಯಾಡ. ತಡಿ, ಇನ್ನೊಂದ ಐತಿ" ಎಂದು ಅತ್ತೆ ಮತ್ತೆ ಗ್ಲಾಸಿಗೆ ಮೂಗಿಟ್ಟಿದ್ದಾರೆ. "ಹಾಂ, ಬಂತು. ಇದು ಮೊದಲ ಮಳಿ ಬಿದ್ದ ಮಣ್ಣು. ಬರಕೋ."