ನೆಲದ ಕಾಗದದ ಮೇಲಿನ ಕಲೆ

ಡಿಸೆಂಬರ್ ೧೪, ೧೯೬೮. ಶನಿವಾರ

ಅಡಿಯಿಂದ ಕಾಯುವ ನಮ್ಮ ಒಂದೊಲ್ ನೆಲದ ಆ ಕಲೆ ಇವತ್ತು ಇನ್ನಷ್ಟು ಕಂದಿದೆ. ಅಡುಗೆಮನೆಯ ಒಲೆಯ ಬಿಸಿ ನೆಲದಡಿಯಲ್ಲಿ ಮೊದಲು ಹಾಯುವ ಮೂಲೆ ಅದು, ಕೋಣೆಯಲ್ಲೇ ಹೆಚ್ಚು ಬೆಚ್ಚಗಿರುವ, ಹಿರಿಯರು ಮಲಗುವ ಜಾಗ. ಅತ್ತೆ ತೀರಿಕೊಂಡ ಮೇಲೆ ಅಲ್ಲಿಗೆ ಹೊಸ ಎಣ್ಣೆಕಾಗದ ಅಂಟಿಸಿದವಳು ನಾನೇ. ಹಾಸಿಗೆ ಹಾಸಿದ ಕಡೆ ಬಿಸಿ ಕೂತು ಕಾಗದ ಕಂದುತ್ತದೆ, ನಿಜ. ಆದರೆ ಆಮೇಲೆ ಅಲ್ಲಿ ಯಾರೂ ಹಾಸಿಗೆ ಹಾಸಿಯೇ ಇಲ್ಲ. ಕಲೆಯೋ, ಮಂಡಿ ಮಡಚಿ ಮಗ್ಗುಲಾಗಿ ಮಲಗಿದ ಮುದುಕಿಯ ಹಾಗಿದೆ.

ಗಂಡನಿಗೆ ತೋರಿಸಿದರೆ ನಕ್ಕುಬಿಟ್ಟರು. “ಕೆಳಗಿನ ಕಲ್ಲು ಬಿರುಕು ಬಿಟ್ಟಿರ್ಬೇಕು ಕಣೇ ಬೊಂಗ್‌ಸುನ್. ಬಸುರಿ ನೀನು, ಇವತ್ತಿಂದ ಅಲ್ಲೇ ಮಲಕ್ಕೋ. ಅಮ್ಮ ಏನು ಎದ್ದು ಬಂದು ಬೈತಾಳಾ?”

ಬೈದರೆ ಬೈಯಲಿ, ಅದು ಅಭ್ಯಾಸವಾಗಿದೆ. ಮೂರು ಚಳಿಗಾಲ ನಾನು ಬಾಗಿಲ ಬಳಿ ನಡುಗುತ್ತ ಮಲಗಿದ್ದರೂ ಆ ಮಹಾತಾಯಿ ಒಂದು ಗೇಣು ಸರಿದವರಲ್ಲ.

ಇವರಾಗಲೇ ಗೊರಕೆ ಹೊಡೆಯುತ್ತಿದ್ದಾರೆ. ಹಾಸಿಗೆ ಹಾಸೋಣವೆಂದು ಈಗಷ್ಟೇ ದೀಪವನ್ನು ನೆಲದ ಹತ್ತಿರ ಹಿಡಿದು ನೋಡಿದೆ. ಬೆಳಗ್ಗೆ ನಟ್ಟನಡುವೆ ಇದ್ದ ಕಲೆ ಗೋಡೆಗೆ ಒತ್ತಿಕೊಂಡಿದೆ. ಈಚೆಗೆ ಒಬ್ಬಳು ಮಲಗುವಷ್ಟು ಜಾಗ ಬಿಟ್ಟಿದೆ.