ಎರಡು ಮೇಜಿಗೆ ಏಳು ಕಾಲು

ಶಿಕ್ಷಕರ ತರಬೇತಿ ಕೇಂದ್ರದ ಹಾಸ್ಟೆಲ್,
ಹದಿನೇಳನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ ನಿಮ್ಮ ಬಾಯಿಬಡುಕಿ ಸೊಸೆಯ ನಮಸ್ಕಾರಗಳು.

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಡಾಕ್ಟರು ಕೊಟ್ಟ ಮುಲಾಮನ್ನು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಅದು ಇನ್ನೂ ಕಿಟಕಿಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದೆಯೋ? ನೀವು ಹಚ್ಚಿಕೊಂಡೆ ಎಂದರೆ ನಾನು ನಂಬುವುದಿಲ್ಲ, ನಿಮ್ಮ ಮಗ ಲಾರಿ ಇಳಿದು ಮನೆಗೆ ಬಂದಾಗ ಅವರಿಂದಲೇ ವಿಚಾರಿಸುತ್ತೇನೆ. ಅವರ ಆರೋಗ್ಯ ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರೆಯೇ? ನನ್ನ ಪುಟ್ಟ ಬಟಾಣಿಯ ಕೆಮ್ಮು ಹೋಯಿತೇ? ಅವನು ಊಟಕ್ಕೆ ಕೂತರೆ ಒಂದು ತುತ್ತಿಗೆ ಮನೆಯೆಲ್ಲ ಒಂದು ಸುತ್ತು ಓಡುತ್ತಾನೆ. ಆ ಮಂಡಿ ಹಿಡಿದುಕೊಂಡು ನೀವು ಅವನ ಹಿಂದೆ ಓಡಬೇಡಿ. ಹಸಿದರೆ ತಾನೇ ಬರುತ್ತಾನೆ. ನಾನು ಅಲ್ಲಿದ್ದಿದ್ದರೆ ನಾನೂ ಓಡುತ್ತಿದ್ದೆ, ಅದು ಬೇರೆ ಮಾತು.

ಇಲ್ಲಿ ನಾನು ಚೆನ್ನಾಗಿದ್ದೇನೆ. ಭಾನುವಾರ ಸಂಜೆ ಫೋನಿನಲ್ಲಿ ಮಾತಾಡುತ್ತೇವಲ್ಲ, ಮತ್ತೆ ಈ ಕಾಗದವೇಕೆ ಎಂದು ಕೇಳುತ್ತೀರಿ. ಆಫೀಸಿನ ಆ ಒಂದೇ ಫೋನಿಗೆ ಹಾಸ್ಟೆಲಿನವರೆಲ್ಲ ಸಾಲು ನಿಂತಿರುತ್ತಾರೆ. ಬೆನ್ನ ಹಿಂದೆ ಅಷ್ಟು ಜೋಡಿ ಕಿವಿ ಇಟ್ಟುಕೊಂಡು ‘ಚೆನ್ನಾಗಿದ್ದೇನೆ’ ಎನ್ನುವುದಕ್ಕಿಂತ ಹೆಚ್ಚಿನದೇನು ಹೇಳಲಿ? ಈಗ ಕೋಣೆಯಲ್ಲಿ ನಾನೊಬ್ಬಳೇ ಇದ್ದೇನೆ. ಎರಡು ಮಂಚ, ಎರಡು ಟ್ರಂಕು, ನಡುವೆ ಒಂದು ಹಗ್ಗ, ಹಗ್ಗದ ಮೇಲೆ ಒಣಗದ ಬಟ್ಟೆ. ಎದುರು ಮಂಚದವಳು ದೊಡ್ಡಕ್ಕ. ನಲವತ್ತು ದಾಟಿ ತರಬೇತಿಗೆ ಬಂದವಳು ನಮ್ಮಲ್ಲಿ ಅವಳೊಬ್ಬಳೇ, ಅದಕ್ಕೇ ಎಲ್ಲರ ಬಾಯಲ್ಲೂ ದೊಡ್ಡಕ್ಕ. ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಕೂತು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಾಳೆ. ಬಂದ ಹೊಸದರಲ್ಲಿ ನಾನು, “ಏನಕ್ಕಾ, ದೇವ್ರಿಗೂ ಪಾಠ ಒಪ್ಪಿಸ್ತಾ ಇದೀಯಾ?” ಎಂದು ಕಾಡಿಸುತ್ತಿದ್ದೆ. ಅವಳು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಳ್ಳುತ್ತಿದ್ದಳು. ದೇವರ ವಿಷಯದಲ್ಲಿ ನಾನೆಂಥವಳೆಂದು ನಿಮಗೆ ಗೊತ್ತಲ್ಲ. ನನ್ನ ನಂಬಿಕೆ ನಮ್ಮ ಬೀದಿಯ ಕರೆಂಟಿನಂತೆ, ಬಂದಾಗ ಬಂತು, ಹೋದಾಗ ಹೋಯಿತು.

ಬಟಾಣಿ ಈಗ ಫೋನಿಗೆ ಬರುವುದೇ ಇಲ್ಲ. ಮೊದಮೊದಲು ಬರುತ್ತಿದ್ದ, ಉಸಿರು ಬಿಡುವುದಾದರೂ ಕೇಳಿಸುತ್ತಿತ್ತು. ಈಗ ನೀವು ಎಷ್ಟು ಕರೆದರೂ ದೂರದಲ್ಲೆಲ್ಲೋ ಆಟದ ಗಾಡಿ ಉರುಳುವ ಸದ್ದಷ್ಟೇ. ತಪ್ಪು ಅವನದಲ್ಲ. ಮೂರೂವರೆ ವರ್ಷದ ಮಗುವಿಗೆ ಫೋನೊಳಗಿನ ಅಮ್ಮ ಯಾವ ಲೆಕ್ಕಕ್ಕೆ? ಆದರೆ ಅತ್ತೆ, ನನಗೆ ಅವನನ್ನು ಎತ್ತಿಕೊಳ್ಳಬೇಕು. ಕೈ ತಾನಾಗಿ ಸೊಂಟದ ಹತ್ತಿರ ಹೋಗಿ ಖಾಲಿ ನಿಲ್ಲುತ್ತದೆ. ಅವನ ನೆತ್ತಿಯ ವಾಸನೆ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಹೋದರೆ ಸೋಪಿನ ವಾಸನೆಯೇ ಬರುತ್ತದೆ. ತರಬೇತಿ ಮುಗಿಯಲು ಇನ್ನೂ ಅರ್ಧ ವರ್ಷವಿದೆ, ನಡುವೆ ರಜೆಯೂ ಇಲ್ಲ. ಎರಡು ವರ್ಷದ ಪಾಠವನ್ನು ಒಂದೇ ವರ್ಷಕ್ಕೆ ತುರುಕಿದ್ದಾರಲ್ಲ, ಉಸಿರಾಡಲೂ ಅನುಮತಿ ಕೇಳಬೇಕು ಎಂದು ದೊಡ್ಡಕ್ಕ ಹೇಳುತ್ತಿರುತ್ತಾಳೆ.

ಈ ವಾರ ಏನಾಯಿತೆಂದು ಹೇಳುತ್ತೇನೆ, ನಗಬೇಡಿ. ನಗುವುದಿದ್ದರೆ ಕೊನೆಯಲ್ಲಿ ನಕ್ಕುಬಿಡಿ. ಇಲ್ಲಿ ಪ್ರತಿ ಪಾಠಕ್ಕೂ ಮೊದಲು ಪಾಠಯೋಜನೆ ಬರೆಯಬೇಕು. ಹಾಳೆಯ ನಡುವೆ ಒಂದು ಗೆರೆ. ಎಡಗಡೆ ಟೀಚರ್ ಏನು ಕೇಳುತ್ತಾಳೆ, ಬಲಗಡೆ ಮಕ್ಕಳು ಏನು ಹೇಳುತ್ತಾರೆ. ಹೌದು, ಮಕ್ಕಳು ಹೇಳುವುದನ್ನೂ ನಾವೇ ಮುಂಚಿತವಾಗಿ ಬರೆಯಬೇಕು! ಆಮೇಲೆ ಅಭ್ಯಾಸಕ್ಕೆ ನಾವೇ ಒಬ್ಬರಿಗೊಬ್ಬರು ಮಕ್ಕಳಾಗುತ್ತೇವೆ. ದೊಡ್ಡಕ್ಕ ಆ ಗಿಡ್ಡ ಬೆಂಚಿನಲ್ಲಿ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತು, ಕೈಯೆತ್ತಿ, ‘ಎಂಟು, ಮಿಸ್’ ಎಂದು ಬಲಗಡೆ ಬರೆದದ್ದನ್ನು ಚಾಚೂ ತಪ್ಪದೆ ಹೇಳುತ್ತಾಳೆ. ನನಗೋ ಅದು ನೀರು ಕುಡಿದಷ್ಟು ಸುಲಭ. ಬಟ್ಟೆ ಅಂಗಡಿಯಲ್ಲಿ ಗಿರಾಕಿ ಬಾಯಿ ತೆರೆಯುವ ಮೊದಲೇ ಅವರಿಗೆ ಯಾವ ಬಣ್ಣ ಬೇಕೆಂದು ನಾನೇ ಹೇಳಿ, ಅಳೆದು, ಕತ್ತರಿಸಿ ಕೊಟ್ಟು ಕಳಿಸಿದವಳಲ್ಲವೇ ನಾನು?

ಮಂಗಳವಾರ ನಿಜವಾದ ಶಾಲೆಗೆ ಹೋಗುವ ಸರದಿ ನನ್ನದಾಯಿತು. ಎರಡನೇ ತರಗತಿ, ಗಣಿತ. ಹಿಂದಿನ ಬೆಂಚಿನಲ್ಲಿ ನಮ್ಮ ಮೇಲ್ವಿಚಾರಕಿ ಕೂತಿದ್ದರು. ತುರುಬಿಗೆ ಸದಾ ಒಂದು ಪೆನ್ಸಿಲು ಸಿಕ್ಕಿಸಿಕೊಂಡಿರುವುದರಿಂದ ನಮಗೆಲ್ಲ ಅವರು ಪೆನ್ಸಿಲಮ್ಮ. ನಾನು ಬೋರ್ಡಿನ ಮುಂದೆ ನಿಂತು, ಒಂದು ಮೇಜಿಗೆ ನಾಲ್ಕು ಕಾಲಾದರೆ ಎರಡು ಮೇಜಿಗೆ ಎಷ್ಟು ಎಂದು ಕೇಳಿದೆ. ಅಳತೆಗಿಂತ ದೊಡ್ಡ ಅಂಗಿ ಹಾಕಿಕೊಂಡ, ತೋಳಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತು ಗಟ್ಟಿಯಾಗಿ “ಏಳು” ಎಂದಳು. ನಾನು ನಗುತ್ತಾ, “ಭೇಷ್! ಎಂಟು! ಎಲ್ಲರೂ ಚಪ್ಪಾಳೆ ತಟ್ಟಿ” ಎಂದೆ. ಮಕ್ಕಳು ಪಾಪ ತಟ್ಟಿದರು. ಆ ಹುಡುಗಿ ನಿಂತೇ ಇದ್ದಳು, ಬಾಯಿ ಸ್ವಲ್ಪ ತೆರೆದಿತ್ತು. ನನಗೆ ಏನೂ ಗೊತ್ತಾಗಲಿಲ್ಲ. ಹಾಳೆಯ ಬಲಗಡೆಯ ಮುಂದಿನ ಸಾಲಿಗೆ ಹೋಗಿದ್ದೆ.

ಪಾಠ ಮುಗಿದ ಮೇಲೆ ವರಾಂಡದಲ್ಲಿ ಪೆನ್ಸಿಲಮ್ಮ ಮೆಲ್ಲಗೆ ಕೇಳಿದರು: “ಆ ಮಗು ಏನಂತು, ಹೇಳಿ ನೋಡೋಣ.” ನಾನು “ಎಂಟು” ಎಂದೆ. ಅವರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. “ಅದು ಏಳು ಅಂತು. ಮಕ್ಕಳು ಇಲ್ದೇ ಇದ್ರೂ ನಿಮ್ಮ ಪಾಠ ಹೀಗೇ ನಡೀತಿತ್ತು” ಎಂದು ಹೇಳಿ ಹೊರಟುಹೋದರು. ಅಂಕ ಸಾಲಲಿಲ್ಲ. ಶಾಲೆಯ ಪಾಠಗಳ ಈ ಮೊದಲ ಸುತ್ತಿನಲ್ಲಿ ಎರಡು ಪಾಠ ಕೆಟ್ಟರೆ ಮನೆಗೆ ಕಳಿಸುತ್ತಾರೆ, ಹಾಗೆ ಆಗಲೇ ಇಬ್ಬರು ಹೋಗಿದ್ದಾರೆ. ನಾನು ಇನ್ನೊಂದು ಕೆಡುವವರೆಗೆ ಕಾಯುವುದೇಕೆ ಎಂದುಕೊಂಡೆ. ಮಧ್ಯಾಹ್ನವೇ ಟ್ರಂಕು ಎಳೆದು ಬಟ್ಟೆ ತುಂಬತೊಡಗಿದೆ. ನಿಜ ಹೇಳಲೇ ಅತ್ತೆ? ಅಳು ಬಂತು, ಅದರ ಜೊತೆಗೇ ಒಂಥರಾ ಹಿಗ್ಗೂ ಬಂತು. ನಾಳೆ ಇಷ್ಟು ಹೊತ್ತಿಗೆ ಬಟಾಣಿ ನನ್ನ ಸೊಂಟದ ಮೇಲಿರುತ್ತಾನೆ ಎಂದು.

ದೊಡ್ಡಕ್ಕ ಬಾಗಿಲಲ್ಲಿ ನಿಂತು ನಡೆದದ್ದನ್ನೆಲ್ಲ ಕೇಳಿಸಿಕೊಂಡಳು. ಹೋಗಬೇಡ ಎನ್ನುತ್ತಾಳೆಂದು ಕಾಯುತ್ತಿದ್ದೆ, ಅದಕ್ಕೆ ಕೊಡಬೇಕಾದ ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವಳು, “ಹೋಗೋದಾದ್ರೆ ಹೋಗಮ್ಮ. ಆದ್ರೆ ಆ ಹುಡ್ಗಿ ಏಳು ಅಂತ ಯಾಕಂದ್ಲು ಅಂತ ಕೇಳ್ಕೊಂಡಾದ್ರೂ ಹೋಗು, ಇಲ್ದಿದ್ರೆ ನಂಗೆ ನಿದ್ದೆ ಬರಲ್ಲ” ಎಂದಳು. ನನ್ನ ಕೈ ಟ್ರಂಕಿನಲ್ಲೇ ನಿಂತಿತು. ಹೌದಲ್ಲ, ಯಾಕೆಂದಳು? ಆರು ಎಂದಿದ್ದರೆ ನಾಲ್ಕಕ್ಕೆ ಎರಡು ಕೂಡಿಸಿದಳು ಎನ್ನಬಹುದು. ಏಳು ಎಲ್ಲಿಂದ ಬಂತು?

ಮರುದಿನ ಬೆಳಿಗ್ಗೆ ದೊಡ್ಡಕ್ಕ ಕಣ್ಣು ಮುಚ್ಚಿ ಕೂತಾಗ ಈ ಬಾರಿ ತಮಾಷೆ ಮಾಡದೆ, ಏನು ಬೇಡಿಕೊಳ್ಳುತ್ತೀಯ ಎಂದು ಕೇಳಿದೆ. ತನಗಾಗಿ ಏನನ್ನೂ ಬೇಡುವುದಿಲ್ಲವಂತೆ. ತನ್ನ ತರಗತಿಯ ಮಕ್ಕಳನ್ನು ಬೆಂಚಿನಿಂದ ಬೆಂಚಿಗೆ ಒಬ್ಬೊಬ್ಬರಾಗಿ ನೆನೆದು, ಈ ಮಗುವಿಗೆ ಇವತ್ತು ಒಳ್ಳೆಯದಾಗಲಿ ಎನ್ನುತ್ತಾಳಂತೆ. “ದೇವ್ರಿಗೆ ಕೇಳ್ಸತ್ತೋ ಬಿಡತ್ತೋ, ಆದ್ರೆ ಮುಖ ನೆನಪಿಲ್ದೇ ಇರೋ ಮಗೂನ ಅವನ ಮುಂದೆ ಹ್ಯಾಗೆ ನಿಲ್ಲಿಸ್ಲಿ? ಅದಕ್ಕೋಸ್ಕರನಾದ್ರೂ ಮುಖ ನೋಡ್ತೀನಿ” ಎಂದಳು. ನಾನೂ ಕಣ್ಣು ಮುಚ್ಚಿ ಕೂತೆ. ಮೊದಲ ಬೆಂಚಿನಲ್ಲಿ ಎರಡು ಮುಖ ಬಂದವು. ಆಮೇಲೆ ಆ ದೊಡ್ಡ ಅಂಗಿಯ ಹುಡುಗಿ ಬಂದಳು. ಅಷ್ಟೇ. ಉಳಿದವರೆಲ್ಲ ಬರಿಯ ತಲೆಗಳು, ಬರಿಯ ಕೈಗಳು. ನನಗೆ ನಾಚಿಕೆಯಾಯಿತು. ಆ ಮೂರು ಮಕ್ಕಳಿಗಷ್ಟೇ ಒಳ್ಳೆಯದಾಗಲಿ ಎಂದು ಕೇಳಿ ಎದ್ದುಬಿಟ್ಟೆ. ಟ್ರಂಕಿನ ಮುಚ್ಚಳ ಹಾಕಿದೆ, ಬಟ್ಟೆ ಒಳಗೇ ಇತ್ತು.

ಶುಕ್ರವಾರ ಅದೇ ತರಗತಿ, ಹಿಂದೆ ಅದೇ ಪೆನ್ಸಿಲಮ್ಮ. ಪಾಠಯೋಜನೆ ಬರೆದಿದ್ದೆ, ಕೈಯಲ್ಲೇ ಇತ್ತು. ಮೊದಲು ಆ ಹುಡುಗಿಯ ಹತ್ತಿರ ಹೋಗಿ, “ಮೊನ್ನೆ ಏಳು ಅಂದೆಯಲ್ಲ ಪುಟ್ಟಿ, ಅದು ಹೇಗೆ ಬಂತು?” ಎಂದು ಕೇಳಿ ಸುಮ್ಮನೆ ನಿಂತೆ. ನಿಮ್ಮ ಸೊಸೆ ಬಾಯಿ ಮುಚ್ಚಿಕೊಂಡು ನಿಂತಿದ್ದಳು ಅತ್ತೆ, ನೀವು ನೋಡಬೇಕಿತ್ತು! ಹುಡುಗಿ ನನ್ನ ಬೆರಳು ಹಿಡಿದು ಕೋಣೆಯ ಮೂಲೆಗೆ ಕರೆದುಕೊಂಡು ಹೋದಳು. ಆ ತರಗತಿಯಲ್ಲಿರುವುದು ಎರಡೇ ಮೇಜು. ಒಂದು ಟೀಚರದು, ಇನ್ನೊಂದು ಮೂಲೆಯಲ್ಲಿ ಕುಡಿಯುವ ನೀರಿನ ಡ್ರಮ್ ಇಡುವುದು. ಅದರ ಒಂದು ಕಾಲು ಮುರಿದುಹೋಗಿದೆ, ಅಲ್ಲಿ ಇಟ್ಟಿಗೆ ಪೇರಿಸಿದ್ದಾರೆ. ಅವಳು ಒಂದೊಂದು ಕಾಲನ್ನೂ ಮುಟ್ಟಿ ಎಣಿಸಿದಳು. ಏಳೇ!

ಆಮೇಲೆ ತರಗತಿ ನನ್ನ ಕೈಯಲ್ಲಿ ಉಳಿಯಲಿಲ್ಲ. ಇಟ್ಟಿಗೆಯೂ ಕಾಲೇ ಎಂದು ಅರ್ಧ ಜನ, ಅಲ್ಲವೇ ಅಲ್ಲ ಎಂದು ಅರ್ಧ ಜನ. “ಮೇಜು ಬೀಳ್ತಿಲ್ವಲ್ಲ ಮಿಸ್, ಅಂದ್ಮೇಲೆ ಅದೂ ಕಾಲೇ” ಎಂದ ಒಬ್ಬ. “ಮೇಜು ಎತ್ತಿದ್ರೆ ಇಟ್ಟಿಗೆ ಜೊತೇಲಿ ಬರತ್ತಾ?” ಎಂದಳು ಇನ್ನೊಬ್ಬಳು. ನೋಡುನೋಡುತ್ತಿದ್ದಂತೆ ಎಲ್ಲರೂ ಮೇಜಿನ ಅಡಿಯಲ್ಲಿ. ಬಡಗಿ ಬಂದು ಆ ಕಾಲನ್ನು ಸರಿ ಮಾಡಿದರೆ ಆಗ ಎಷ್ಟು ಎಂದು ಕೇಳಿದೆ. ಇಡೀ ತರಗತಿ ‘ಎಂಟು’ ಎಂದು ಕೂಗಿತು, ಆ ಹುಡುಗಿಯದೇ ಎಲ್ಲರಿಗಿಂತ ದೊಡ್ಡ ಗಂಟಲು. ಹಾಗೇ ಮೂರು ಮೇಜು, ನಾಲ್ಕು ಮೇಜು ಎಂದು ಹೋಗುವಷ್ಟರಲ್ಲಿ ಗಂಟೆ ಹೊಡೆಯಿತು. ಯೋಜನೆಯಲ್ಲಿ ಬರೆದದ್ದು ಅರ್ಧವೂ ಆಗಿರಲಿಲ್ಲ. ಮುಗಿಯಿತು ನನ್ನ ಕಥೆ ಎಂದುಕೊಂಡು ವರಾಂಡಕ್ಕೆ ಬಂದರೆ ಪೆನ್ಸಿಲಮ್ಮ ಪೆನ್ಸಿಲು ತೆಗೆದು ಏನೋ ಬರೆದುಕೊಳ್ಳುತ್ತಾ, “ಗದ್ದಲ ಜಾಸ್ತಿಯಾಯ್ತು. ಆದ್ರೆ ಇವತ್ತು ನೀವು ಕ್ಲಾಸಲ್ಲಿ ಇದ್ರಿ” ಎಂದರು. ಪಾಸಾಗಿದ್ದೇನೆ ಅತ್ತೆ. ಈ ಸುತ್ತು ದಾಟಿದೆ.

ಈಗ ದಿನಾ ಬೆಳಿಗ್ಗೆ ನಾನೂ ಹಾಸಿಗೆಯ ಅಂಚಿನಲ್ಲಿ ಕೂರುತ್ತೇನೆ. ಇದನ್ನು ನಂಬಿಕೆ ಎನ್ನಬಹುದೋ ಏನೋ ನನಗೆ ಗೊತ್ತಿಲ್ಲ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅನ್ನಿಸುತ್ತದೆ, ಅಷ್ಟು ಸಾಕು ಎನ್ನಿಸುತ್ತದೆ. ನಿನ್ನೆ ಮೂರು ಬೆಂಚು ಪೂರ್ತಿ ಬಂತು. ಕೊನೆಯ ಬೆಂಚಿನ ಪಕ್ಕ ಒಂದಿಷ್ಟು ಜಾಗ ಮಾಡಿ ಬಟಾಣಿಯನ್ನು ಕೂರಿಸುತ್ತೇನೆ, ಅವನ ಪಕ್ಕದಲ್ಲಿ ಕಾಲು ನೀಡಿಕೊಂಡು ನೀವು. ನಿಮ್ಮಿಬ್ಬರ ಹತ್ತಿರ ಬಂದಾಗ ಒಳ್ಳೆಯದಾಗಲಿ ಎನ್ನುವುದೂ ಮರೆತುಹೋಗುತ್ತದೆ. ಸುಮ್ಮನೆ ನೋಡುತ್ತಾ ಕೂತುಬಿಡುತ್ತೇನೆ. ‘ಮಾತು ನಿನ್ನ ಬಂಡವಾಳ ಕಣೇ, ಅದನ್ನ ಬಟ್ಟೆ ಅಂಗಡೀಲಿ ಯಾಕೆ ಸುರೀತೀಯ? ಹೋಗು, ಮಗೂನ ನಾನು ನೋಡ್ಕೋತೀನಿ’ ಎಂದು ಕಳಿಸಿದವರು ನೀವು. ಸ್ವಂತ ಮಗಳಿಗೂ ಯಾರೂ ಇಷ್ಟು ಮಾಡುವುದಿಲ್ಲ. ಎದುರಿಗೆ ಹೇಳಿದರೆ ‘ಸಾಕು, ಹೋಗೇ’ ಎಂದು ಓಡಿಸುತ್ತೀರಿ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮುಲಾಮು ಮರೆಯಬೇಡಿ. ನಿಮ್ಮ ಮಗನಿಗೆ ನಿಧಾನವಾಗಿ ಗಾಡಿ ಓಡಿಸಲು ಹೇಳಿ. ಬಟಾಣಿ ನಿದ್ದೆ ಮಾಡುವಾಗ ಅವನ ನೆತ್ತಿಗೆ ನನ್ನದೊಂದು ಮುತ್ತು. ಎಚ್ಚರವಿದ್ದಾಗ ಕೊಟ್ಟರೆ ಒರೆಸಿಕೊಳ್ಳುತ್ತಾನೆ. ನಿಮ್ಮ ಕಾಲಿಗೆ ನಮಸ್ಕಾರ, ನೋಯುವ ಮಂಡಿಗೆ ಇನ್ನೊಂದು.

ನಿಮ್ಮ
ಸೊಸೆ

ಮರೆತಿದ್ದೆ: ಮರೆತದ್ದೂ ಅಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ದೂರ ಬಂದೆ. ಅಂಚೆ ಡಬ್ಬಿಗೆ ಹೋಗುವವಳು ಬಾಗಿಲಲ್ಲಿ ಕಾಯುತ್ತಿದ್ದಾಳೆ. ಕಳೆದ ಭಾನುವಾರ ನಾವು ಮಾತಾಡುತ್ತಿದ್ದಾಗ ಬಟಾಣಿ ಬಂದು ನಿಮಗೆ “ಅಮ್ಮಾ, ನೀರು” ಎಂದ. ನೀವು ಫೋನಿಗೆ ಕೈ ಅಡ್ಡ ಹಿಡಿದಿರಿ, ಆದರೂ ಕೇಳಿಸಿತು. ‘ಅಮ್ಮ ಅಲ್ಲ ಕಣೋ, ಅಜ್ಜಿ ಅನ್ನು, ಅಜ್ಜಿ’ ಎಂದು ನನ್ನ ಸಲುವಾಗಿ ಅವನನ್ನು ಗದರಿದಿರಿ. ಅವನು ಅತ್ತದ್ದೂ ಕೇಳಿಸಿತು. ನಾನು ಟ್ರಂಕು ತುಂಬಿದ್ದು ಪೆನ್ಸಿಲಮ್ಮನ ಮಾತಿಗಲ್ಲ, ಇದಕ್ಕೆ. ಇವತ್ತು ಬೆಳಿಗ್ಗೆ ಬಟ್ಟೆಯನ್ನೆಲ್ಲ ತೆಗೆದು ಮತ್ತೆ ಹಗ್ಗಕ್ಕೆ ಹಾಕಿದೆ. ಇನ್ನು ಮೇಲೆ ಅವನನ್ನು ತಿದ್ದಬೇಡಿ ಅತ್ತೆ. ಅವನು ಹೇಳಿದ್ದು ಅಷ್ಟೇನೂ ತಪ್ಪಲ್ಲ. ಅಮ್ಮಾ ಎಂದರೆ ಓ ಎನ್ನಿ, ನೀರು ಕೊಡಿ.